ಬುತ್ತಿಯ ಜೊತೆ ಬಂದ ಸೀಟಿ

ವಿಜಯಪುರ
ಗುರುವಾರ, 18 ಜುಲೈ 2024

ಅಪ್ಪಾ,

ಜೈಭೀಮ್. ಅವ್ವ ಕಳಿಸಿದ ಈ ಗುರುವಾರದ ಬುತ್ತಿ ಮುಟ್ಟಿತು. ಕಟಕ ರೊಟ್ಟಿ ಒಂದೂ ಮುರಿದಿಲ್ಲ. ಜೀಪು ಓಡಿಸುವ ಶಕೀಲಣ್ಣ ಡಬ್ಬಿಯನ್ನು ತನ್ನ ಮಗ್ಗುಲಲ್ಲೇ ಇಟ್ಟುಕೊಂಡು ಬರುತ್ತಾನಂತೆ, ಹೆಂಡತಿಗೂ ಆ ಜಾಗ ಕೊಟ್ಟಿರಲಿಕ್ಕಿಲ್ಲ.

ಖಾಲಿ ಡಬ್ಬಿಯಲ್ಲಿ ಈ ಪತ್ರ ಇಟ್ಟಿದ್ದೇನೆ. ಫೋನಿನಲ್ಲಿ ನಾನೊಂದು ಹೇಳಿದರೆ ನೀನೊಂದು ಕೇಳಿಸಿಕೊಳ್ಳುತ್ತೀ. ಮೂವತ್ತು ವರ್ಷ ಊರಿಗೆಲ್ಲ ನೀರು ಬಿಡುತ್ತ ಪಂಪ್ ಮನೆಯಲ್ಲಿ ಕುಳಿತೆ, ಕಿವಿಯನ್ನು ಆ ಪಂಪಿಗೇ ಕೊಟ್ಟುಬಿಟ್ಟೆ. ಈಗ ಮಗಳು ಕಾಗದದ ಮೇಲೆ ಮಾತಾಡಬೇಕಾಗಿದೆ.

ವಿಷಯ ಏನೆಂದರೆ, ದಸರಾ ರಜೆಯಲ್ಲಿ ನಾವು ಹಡಗಿನಲ್ಲಿ ಹೋಗಬೇಕು ಅಂತ ನಿನ್ನ ಅಳಿಯ ಮಿಲಿಂದರ ಮನಸ್ಸು. ಅವ್ವನಿಗೆ ಓದಿ ಹೇಳುವ ಮುಂಚೆ ಆಕೆಯನ್ನು ಕೆಳಗೆ ಕೂಡಿಸು. ಮುಂಬೈಯಲ್ಲಿ ಹತ್ತುವುದು, ಎರಡು ರಾತ್ರಿ ಕಡಲ ಮೇಲೆ ಇರುವುದು, ಮತ್ತೆ ಮುಂಬೈಯಲ್ಲೇ ಇಳಿಯುವುದು. ಊಟ, ಆಟ, ಮಲಗುವುದು ಎಲ್ಲ ಹಡಗಿನಲ್ಲೇ. ಇದು ಶುರುವಾದದ್ದು ತಿಕೋಟಾದ ನಮ್ಮ ಸ್ಟಾಫ್ ರೂಮಿನಲ್ಲಿ. ವಿಜ್ಞಾನ ಕಲಿಸುವ ಮಿನಾಜ ಹೋದ ವರ್ಷ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಳು. ಅವತ್ತಿನಿಂದ ಊಟದ ಬಿಡುವಿನಲ್ಲಿ ಆಕೆಯ ಬಾಯಲ್ಲಿ ಹಡಗು ಬಿಟ್ಟರೆ ಬೇರೆ ಮಾತಿಲ್ಲ. "ಸಣ್ಣ ಮಕ್ಕಳಿದ್ರ ಎರಡ ರಾತ್ರಿದ ಸಾಕಕ್ಕಾ. ಐದ ರಾತ್ರಿದ ತಗೊಂಡ್ರ ಮೂರನೇ ದಿನಕ್ಕ ನೀನ ನೀರಿಗೆ ಹಾರ್ತಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಜ ಹೇಳುತ್ತೇನೆ, ನನಗೆ ಅಂಜಿಕೆ. ನನಗೆ ಈಜು ಬಾರದು, ಮಿಲಿಂದರಿಗೆ ಬಾರದು, ನಿನಗೂ ಅವ್ವನಿಗೂ ಬಾರದು. ನಮ್ಮ ಮಂದಿಯನ್ನು ಬಾವಿಗೆ ಇಳಿಯಲು ಬಿಟ್ಟಿದ್ದರಲ್ಲವೇ ಕಲಿಯುವುದು ಅಂತ ನೀನೇ ಹೇಳುತ್ತಿದ್ದೆ. ಸಮ್ಯಕ್‌ಗೆ ಏಳು, ಮುದಿತಾಗೆ ಮೂರು. ಒಬ್ಬ ಹೇಳಿದ್ದನ್ನು ಕೇಳುತ್ತಾನೆ, ಇನ್ನೊಬ್ಬಳು ಸಿಕ್ಕಿದ್ದನ್ನು ಏರುತ್ತಾಳೆ. ನೀನು ಏನನ್ನುತ್ತೀ?

ನಿನ್ನ
ಆಮ್ರಪಾಲಿ


ಬಬಲೇಶ್ವರ
25 ಜುಲೈ 2024

ಮಗಳು ಆಮ್ರಪಾಲಿಗೆ ಅಪ್ಪನ ಆಶೀರ್ವಾದ.

ಬೇಡ.

ಇಷ್ಟೇ ಬರೆದು ಡಬ್ಬಿ ಮುಚ್ಚಿದ್ದೆ. ನಿನ್ನ ಅವ್ವ "ಕಾರಣ ಬರೀರಿ, ಆಕಿ ಸಾಲಿ ಕಲಿತಾಕಿ" ಎಂದಳು. ಅದಕ್ಕೆ ಬರೆಯುತ್ತೇನೆ.

ನಾನು ನೀರಿನ ಕೆಲಸದವ. ಪೈಪಿನಲ್ಲಿ ಇರುವ ತನಕ ನೀರು ನಮ್ಮ ಮಾತು ಕೇಳುತ್ತದೆ. ವಾಲ್ ತಿರುಗಿಸಿದರೆ ಬರುತ್ತದೆ, ಬಂದ್ ಮಾಡಿದರೆ ನಿಲ್ಲುತ್ತದೆ. ಕಡಲಿಗೆ ವಾಲ್ ಇಲ್ಲ. ಕೂಸು ಬಿದ್ದರೆ ಹಡಗು ನಿಲ್ಲಲು ಎಷ್ಟು ಹೊತ್ತು ಬೇಕು? ಅಂಚಿನ ಕಂಬಿ ಎಷ್ಟು ಎತ್ತರ? ಕಂಬಿಯ ನಡುವೆ ಮುದಿತಾಳ ತಲೆ ಹಿಡಿಸುತ್ತದೋ ಇಲ್ಲವೋ? ಮಕ್ಕಳ ಅಳತೆಯ ತೇಲುವ ಜಾಕೀಟು ಇವೆಯೋ, ದೊಡ್ಡವರದ್ದನ್ನೇ ಸುತ್ತಿ ಕಟ್ಟುತ್ತಾರೋ? ಇವಕ್ಕೆ ಉತ್ತರ ಗೊತ್ತಿಲ್ಲದೆ ಹೊರಡುವುದು ಶಹಾಣೆತನ ಅಲ್ಲ.

ನೋಡುವಂಥ ಊರು ಬೇಕಾದಷ್ಟು ಇವೆ. ಔರಂಗಾಬಾದಿಗೆ ಹೋಗಿ ಗುಹೆ ತೋರಿಸಿರಿ. ಗುಹೆ ಮುಳುಗುವುದಿಲ್ಲ.

ಇಂತಿ
ಭಾಗಪ್ಪ


ವಿಜಯಪುರ
8 ಆಗಸ್ಟ್ 2024

ಅಪ್ಪಾ,

ನಿನ್ನ "ಬೇಡ" ಓದಿ ಮೊದಲು ಸಮಾಧಾನವಾಯಿತು. ನಾನು ಕೇಳಿದ್ದೇ ನೀನು ಹಾಗೆ ಹೇಳಲಿ ಅಂತ. ಆದರೆ ಆ ಪತ್ರ ಮಿಲಿಂದರ ಕೈಗೆ ಸಿಕ್ಕಿತು. "ನಿಮ್ಮಪ್ಪ ಬ್ಯಾಡ ಅನ್ನಲಿಲ್ಲ, ಪ್ರಶ್ನೆ ಕೇಳ್ಯಾರ. ಉತ್ತರ ಹುಡುಕೋಣು" ಎಂದರು. ಲ್ಯಾಬಿನಲ್ಲಿ ಕೆಲಸ ಮಾಡುವವರು, ಗಾಜಿನ ಕೆಳಗೆ ಇಟ್ಟು ನೋಡದೆ ಯಾವುದನ್ನೂ ಬಿಡುವವರಲ್ಲ.

ಅದಕ್ಕೆ ನಿನ್ನ ಪ್ರಶ್ನೆಗಳ ಪಟ್ಟಿ ಹಿಡಿದು ಹದಿನೈದು ದಿನ ಕುಳಿತೆವು. ಮಕ್ಕಳ ಅಳತೆಯ ಜಾಕೀಟು ಇವೆಯಂತೆ. ಹಡಗು ಹೊರಡುವ ಮುಂಚೆ ಎಲ್ಲರನ್ನೂ ಒಂದು ಕಡೆ ನಿಲ್ಲಿಸಿ, ಅವನ್ನು ತೊಡುವುದು ಹೇಗೆ, ಎಲ್ಲಿಗೆ ಓಡಿ ಬರಬೇಕು ಎಂದು ಕಲಿಸುತ್ತಾರಂತೆ. ಮಳೆಗಾಲ ಮುಗಿದ ಮೇಲೆ ಕಡಲು ಅಷ್ಟು ಏಳುವುದಿಲ್ಲವಂತೆ. ಕೋಣೆ ಮಾತ್ರ ದೊಡ್ಡ ಜಗಳವಾಯಿತು. ಬಾಲ್ಕನಿ ಇರುವ ಕೋಣೆ ಬೇಕೆಂದು ಮಿಲಿಂದರ ಹಟ. ಅದರ ಕಂಬಿ ನನ್ನ ಎದೆಯ ತನಕ ಬರುತ್ತದಂತೆ. ನಾನು ಅಡುಗೆ ಮನೆಯಲ್ಲಿ ಟೇಪು ಹಿಡಿದು ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಗೀಟು ಹಾಕಿದೆ. ಕೆಳಗೆ ಒಂದು ಕುರ್ಚಿ ಇಟ್ಟು, ಮುದಿತಾಳನ್ನು ಕರೆದು ಸುಮ್ಮನೆ ನಿಂತೆ. ಒಂದು ನಿಮಿಷದಲ್ಲಿ ಕುರ್ಚಿ ಏರಿ ಆ ಗೀಟಿನ ಮೇಲೆ ಗಲ್ಲ ಇಟ್ಟು ನಗುತ್ತ ನಿಂತಳು. ಮಿಲಿಂದ ತಾವೇ ಬಾಲ್ಕನಿಯ ಕೋಣೆಯನ್ನು ಪಟ್ಟಿಯಿಂದ ಹೊಡೆದು ಹಾಕಿದರು.

ಕೊನೆಗೆ ತೆರೆಯಲು ಬಾರದ ಗಾಜಿನ ಕಿಟಕಿ ಇರುವ ಕೋಣೆ ಹಿಡಿದಿದ್ದೇವೆ. ನಡುವಿನ ಮಹಡಿ, ಹಡಗಿನ ನಟ್ಟನಡುವೆ. ಅಲ್ಲಿ ತೂಗಾಟ ಕಡಿಮೆ, ಸಣ್ಣವರಿಗೆ ವಾಂತಿ ಆಗುವುದಿಲ್ಲ ಎಂದು ಮಿನಾಜ ಹೇಳಿದಳು. ಅಕ್ಟೋಬರ್ ಹದಿನೈದಕ್ಕೆ ಹತ್ತುವುದು. ಬೇಡವೆನಿಸಿದರೆ ಸೆಪ್ಟೆಂಬರ್ ಮೂವತ್ತರ ಒಳಗೆ ಹೇಳಬೇಕು.

ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ. ಹಡಗು ಹತ್ತುವ ತಾರೀಖನ್ನು ಗುರುತು ಮಾಡಿಲ್ಲ.

ನಿನ್ನ
ಆಮ್ರಪಾಲಿ


ಬಬಲೇಶ್ವರ
15 ಆಗಸ್ಟ್ 2024

ಮಗಳಿಗೆ,

ಬುತ್ತಿಯ ಜೊತೆ ಶಕೀಲನ ಕೈಯಲ್ಲಿ ಎರಡು ಕ್ಯಾನು ಕಳಿಸಿದ್ದೇನೆ. ಐದು ಲೀಟರಿನ ಎಣ್ಣೆ ಕ್ಯಾನುಗಳು, ತೊಳೆದು ಒಣಗಿಸಿದ್ದೇನೆ. ಮುಚ್ಚಳ ಬಿಗಿದು ಸುತ್ತ ಮೇಣ ಹಚ್ಚಿದ್ದೇನೆ. ಒಳಗೆ ಒಂದು ಹನಿ ನೀರು ಹೋಗುವುದಿಲ್ಲ, ತೊಟ್ಟಿಯಲ್ಲಿ ಮುಳುಗಿಸಿ ಒಂದು ದಿನ ಇಟ್ಟು ನೋಡಿದ್ದೇನೆ. ಹಗ್ಗ ನೂಲಿನದು, ನೆನೆದರೂ ಜಾರುವುದಿಲ್ಲ. ಮಕ್ಕಳ ಬೆನ್ನಿಗೆ ಕಟ್ಟು. ಗಂಟು ಮೂರು ಹಾಕು. ಎರಡು ಸಾಲುವುದಿಲ್ಲ.

ಹಡಗಿನವರು ಜಾಕೀಟು ಕೊಟ್ಟರೂ ಇವು ಇರಲಿ.

ನಿನ್ನ ಪತ್ರ ಓದಿ ಹೇಳಿದಾಗ ನಿನ್ನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ "ಈ ಮನ್ಯಾಗ ಒಂದ ಸಲ ಆಗೇತಿ, ಸಾಕು" ಎಂದಳು. ಆಕೆಯ ಮಾತು ಬಿಡು.

ಇಂತಿ
ಭಾಗಪ್ಪ


ವಿಜಯಪುರ
22 ಆಗಸ್ಟ್ 2024

ಅಪ್ಪಾ,

ಕ್ಯಾನು ಮುಟ್ಟಿದವು. ಶಕೀಲಣ್ಣ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಎತ್ತಿ ಹಿಡಿದು "ಅಕ್ಕಾರ, ನಿಮ್ಮಪ್ಪ ಹಡಗಕ್ಕ ಎಣ್ಣಿ ಕಳಿಸ್ಯಾನ್ರಿ" ಎಂದ. ಮಿಲಿಂದ ನಗಲಿಲ್ಲ. ಮುಚ್ಚಳದ ಮೇಣವನ್ನು ಬೆರಳಿನಿಂದ ಮುಟ್ಟಿ ನೋಡಿ, ಕ್ಯಾನುಗಳನ್ನು ಕಪಾಟಿನ ಮೇಲೆ ಇಟ್ಟರು.

ಅಪ್ಪಾ, ಈ ಮನೆಯಲ್ಲಿ ಒಂದು ಸಲ ಏನಾಗಿದೆ? ನೀನು "ಬಿಡು" ಎಂದಿದ್ದೀ, ನಾನು ಬಿಡಲಾರೆ. ನನಗೆ ಗೊತ್ತಿರುವ ಮಟ್ಟಿಗೆ ನಮ್ಮ ಮನೆಯಲ್ಲಿ ಅಕಾಲಕ್ಕೆ ಹೋದವನು ನಿನ್ನ ತಮ್ಮ ಧರೆಪ್ಪ ಒಬ್ಬನೇ. ಅವನಿಗೆ ಜ್ವರ ಬಂದಿತ್ತು ಎಂದು ನೀನೇ ಹೇಳಿದ್ದು.

ಇಲ್ಲಿ ನನ್ನ ಗತಿ ಕೇಳಬೇಡ. ತಿಕೋಟಾದ ಬಸ್ಸಿನಲ್ಲಿ ಕುಳಿತರೆ ನೆಲ ತೂಗಿದಂತಾಗುತ್ತದೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತ ನಿಂತವಳಿಗೆ ಮುದಿತಾ ಕಂಬಿ ಏರಿದ್ದು ಕಾಣುತ್ತದೆ, ಸೀಮೆಸುಣ್ಣ ಅಲ್ಲೇ ನಿಲ್ಲುತ್ತದೆ. ಸಮ್ಯಕ್ ನಿನ್ನೆ "ಅವ್ವಾ, ನನಗ ಹಡಗ ಬ್ಯಾಡ" ಎಂದ. ಯಾಕೋ ಎಂದರೆ "ನೀ ಅಂಜಾಕತ್ತಿಯಲ್ಲ" ಎಂದ. ನಾನು ಒಂದು ಮಾತೂ ಆಡಿರಲಿಲ್ಲ, ಅಪ್ಪಾ. ಮಕ್ಕಳು ಮುಖ ಓದುತ್ತವೆ.

ಅದಕ್ಕೆ ಮಿನಾಜ ಒಂದು ಉಪಾಯ ಹೇಳಿದಳು. ಊರ ಹೊರಗೆ ಒಂದು ಹೋಟೆಲಿನಲ್ಲಿ ಮಕ್ಕಳ ಈಜುಕೊಳ ಇದೆ. ಬರುವ ಒಂದನೇ ತಾರೀಖು ಭಾನುವಾರ, ಆಕೆಯ ಮಕ್ಕಳ ಜೊತೆ ನಮ್ಮವರನ್ನೂ ಅದರಲ್ಲಿ ಇಳಿಸೋಣ, ನೀರಿನ ಅಂಜಿಕೆ ಹೋಗಲಿ ಅಂತ.

ನಿನ್ನ
ಆಮ್ರಪಾಲಿ


ವಿಜಯಪುರ
ಸೋಮವಾರ, 2 ಸೆಪ್ಟೆಂಬರ್ 2024

ಅಪ್ಪಾ,

ಗುರುವಾರದ ತನಕ ಕಾಯಲಾಗಲಿಲ್ಲ. ಖಾಲಿ ಡಬ್ಬಿ ಇಲ್ಲದಿದ್ದರೂ ಇದನ್ನು ಶಕೀಲಣ್ಣನ ಅಂಗಿಯ ಕಿಸೆಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಸಮ್ಯಕ್ ಚೆನ್ನಾಗಿದ್ದಾನೆ. ಇವತ್ತು ಶಾಲೆಗೂ ಹೋಗಿದ್ದಾನೆ.

ನಿನ್ನೆ ಕೊಳಕ್ಕೆ ಹೋದೆವು. ನೀರು ಒಂದು ಕಡೆ ಅವನ ಎದೆಯ ತನಕ, ಇನ್ನೊಂದು ಕಡೆ ನೆಲ ಇಳಿಯುತ್ತ ಹೋಗುತ್ತದೆ. ಮುದಿತಾಗೆ ಈಜುವ ಬಟ್ಟೆ ಹಾಕಲು ನಾನು ಪಕ್ಕದ ಬೆಂಚಿಗೆ ಹೋದೆ. "ನಾ ಬರೂತನಕ ಇಳೀಬ್ಯಾಡ" ಎಂದು ಅವನಿಗೆ ಗಟ್ಟಿಯಾಗಿ ಹೇಳಿದ್ದೆ. ಮಿನಾಜಳ ಮಕ್ಕಳು ಇಳಿದದ್ದು ನೋಡಿ ಇವನೂ ಇಳಿದಿದ್ದಾನೆ. ಇಳಿಜಾರಿನಲ್ಲಿ ಕಾಲು ಜಾರಿದೆ. ಅಂಚಿನ ಕಲ್ಲು ಹಿಡಿದುಕೊಂಡಿದ್ದಾನೆ. ಕೈ ಸೋಲುವ ತನಕ ಹಿಡಿದೇ ಇದ್ದನಂತೆ, ಅಪ್ಪಾ. ನಾನು ಎಂಟು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತು ಗುಂಡಿ ಹಾಕುತ್ತಿದ್ದೆ. ಸುತ್ತಲೂ ಐದು ಜನ ದೊಡ್ಡವರಿದ್ದೆವು.

ಅವನು ಕೂಗಲಿಲ್ಲ.

ನಾನು ತಿರುಗಿದಾಗ ಮಿನಾಜ ಬಟ್ಟೆ ಸಮೇತ ನೀರಿನಲ್ಲಿದ್ದಳು, ಇವನ ತೋಳು ಆಕೆಯ ಕೈಯಲ್ಲಿತ್ತು. "ಒಂದ ಸಪ್ಪಳಿಲ್ಲಕ್ಕಾ. ಬರೀ ಕೂದಲಾ ಕಂಡೂವು" ಎಂದು ಆಕೆ ಅವನನ್ನು ಅಂಚಿಗೆ ಎತ್ತಿ ಕೂಡಿಸಿದಳು. ನೀರು ಕಕ್ಕಿದ, ಅತ್ತ, ಆಮೇಲೆ ಸುಮ್ಮನಾದ. ಮನೆಗೆ ಬಂದು ತೊಡೆಯ ಮೇಲೆ ಕೂಡಿಸಿಕೊಂಡು ಕೇಳಿದೆ, ಯಾಕೆ ಕೂಗಲಿಲ್ಲ ಅಂತ.

"ನೀ ಇಳೀಬ್ಯಾಡ ಅಂದಿದ್ದಿ. ಒದರಿದ್ರ ನೀ ಬೈತಿದ್ದಿ."

ನನ್ನ ಮಗ ನೀರಿಗಿಂತ ನನಗೇ ಹೆಚ್ಚು ಅಂಜಿದ. ಹಡಗು ಬೇಡ, ಏನೂ ಬೇಡ. ನಾಳೆಯೇ ರದ್ದು ಮಾಡಿಸುತ್ತೇನೆ. ನೀನು ಹೇಳಿದ್ದೇ ಸರಿ.

ಆಮ್ರಪಾಲಿ


ಬಬಲೇಶ್ವರ
5 ಸೆಪ್ಟೆಂಬರ್ 2024

ಆಮ್ರಾ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಪಂಪ್ ಮನೆಯಲ್ಲಿ ಕುಳಿತು ಬರೆದು ಹರಿದೆ, ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಧರೆಪ್ಪನಿಗೆ ಜ್ವರ ಬಂದಿರಲಿಲ್ಲ.

1977ರ ಬೇಸಿಗೆ. ನನಗೆ ಹನ್ನೊಂದು, ಅವನಿಗೆ ಎಂಟು. ಊರ ಹುಡುಗರೆಲ್ಲ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಗಳಲ್ಲಿ ಈಜು ಕಲಿಯುತ್ತಿದ್ದರು. ನಾವಿಬ್ಬರೂ ದೂರದ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದೆವು. ನಮ್ಮ ಮಂದಿ ಇಳಿದರೆ ಏನಾಗುತ್ತದೆ ಎಂದು ಗೊತ್ತಿತ್ತು. ಹಿಂದಿನ ವರ್ಷ ನೀರು ಮುಟ್ಟಿದ್ದಕ್ಕೆ ನಮ್ಮ ಓಣಿಯ ಒಬ್ಬ ಹುಡುಗನನ್ನು ಅದೇ ಬೇವಿನ ಮರಕ್ಕೆ ಕಟ್ಟಿ ಹೊಡೆದಿದ್ದರು.

ಸಂತೆಯ ದಿನ ಎಲ್ಲರೂ ಸಂತೆಗೆ ಹೋಗುತ್ತಾರೆ ಎಂದು ಲೆಕ್ಕ ಹಾಕಿದವನು ನಾನು. ತಗಡಿನ ಡಬ್ಬಿ ಹುಡುಕಿ ತಂದವನು ನಾನು, ಅರಿವೆ ತುರುಕಿ ಬಾಯಿ ಮುಚ್ಚಿದವನು ನಾನು, ಅವನ ಬೆನ್ನಿಗೆ ಎರಡು ಗಂಟು ಹಾಕಿ ಕಟ್ಟಿದವನೂ ನಾನು. "ಸಪ್ಪಳ ಮಾಡಬ್ಯಾಡ, ಯಾರರೆ ಕೇಳ್ಯಾರು" ಎಂದು ಅವನಿಗೆ ಹೇಳಿದೆ. ಅವನು ಇಳಿದ. ಡಬ್ಬಿ ಕಳಚಿತು. ಅವನು ಬಾವಿಯ ಗೋಡೆಯ ಒಂದು ಕಲ್ಲು ಹಿಡಿದುಕೊಂಡ. ನನ್ನ ಕೈ ಅವನ ತನಕ ಮುಟ್ಟಲಿಲ್ಲ. "ಯಣ್ಣಾ" ಎಂದ. ಮೆತ್ತಗೆ ಎಂದ, ಆಮ್ರಾ. ಸಪ್ಪಳ ಮಾಡಬೇಡ ಅಂತ ನಾನೇ ಹೇಳಿದ್ದೆನಲ್ಲ.

ಪಕ್ಕದ ಹೊಲದಲ್ಲಿ ಒಬ್ಬ ಕುಂಟೆ ಹೊಡೆಯುತ್ತಿದ್ದ. ಅವನ ಎತ್ತಿನ ಗಂಟೆ ನನಗೆ ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. ಬಾವಿಗೆ ಇಳಿದದ್ದು ಗೊತ್ತಾದರೆ ಮರಕ್ಕೆ ಕಟ್ಟುತ್ತಾರೆ ಎಂದು ಅಂಜಿದೆ. ನಮ್ಮವರನ್ನು ಕರೆಯಲು ಒಂದು ಮೈಲಿ ದೂರದ ಮನೆಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಕಲ್ಲಿನ ಮೇಲೆ ಕೈ ಇರಲಿಲ್ಲ.

ಅವನನ್ನು ಮೇಲೆ ತೆಗೆದಾಗ ಆ ಕುಂಟೆಯವನೂ ಬಂದಿದ್ದ. ನನ್ನ ಹತ್ತಿರ ಬಂದು "ಒಂದ ಸಲ ಒದರಿದ್ರ ಬರ್ತಿದ್ನೆಲ್ಲೋ ತಮ್ಮಾ" ಎಂದ. ಬರುತ್ತಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೂಗಿದ್ದರೆ ಗೊತ್ತಾಗುತ್ತಿತ್ತು. ಅವನು ಹಾಗೆ ಅಂದದ್ದನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ಅವ್ವನಿಗೆ ಬಾವಿಯ ಮಾತು ಗೊತ್ತು, ಇದು ಗೊತ್ತಿಲ್ಲ.

ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ನನ್ನ ಸೀಟಿ ಇಟ್ಟಿದ್ದೇನೆ. ಕೆಲಸಕ್ಕೆ ಸೇರಿದಾಗ ಕೊಟ್ಟದ್ದು. ನೀರು ಬಿಡುವ ಮುಂಚೆ ಓಣಿಯ ತುದಿಯಲ್ಲಿ ನಿಂತು ಊದುತ್ತಿದ್ದೆ, ಊದಿದ ಕೂಡಲೇ ಎಲ್ಲ ಮನೆಯ ಬಾಗಿಲು ತೆರೆಯುತ್ತಿದ್ದವು. ಮೊದಲ ದಿನ ಅದನ್ನು ನೋಡಿ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಈಗ ಎಲ್ಲರಿಗೂ ಮೊಬೈಲಿನಲ್ಲಿ ಸಂದೇಶ ಹೋಗುತ್ತದೆ, ಸೀಟಿ ಮೊಳೆಗೆ ತೂಗುಬಿದ್ದಿತ್ತು. ಇದನ್ನು ಸಮ್ಯಕ್‌ನ ಕೊರಳಿಗೆ ಹಾಕು. ತಪ್ಪು ಮಾಡಿದಾಗಲೂ ಊದಬೇಕು, ತಪ್ಪು ಮಾಡಿದಾಗ ಮೊದಲು ಊದಬೇಕು ಎಂದು ಹೇಳು.

ಹಡಗು ಬೇಕೋ ಬೇಡವೋ ನೀವೇ ನಿರ್ಧರಿಸಿರಿ. ನನ್ನ "ಬೇಡ"ವನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದು ಹಡಗಿಗೆ ಹೇಳಿದ್ದಲ್ಲ.

ಅಪ್ಪ


ಬಬಲೇಶ್ವರ
19 ಸೆಪ್ಟೆಂಬರ್ 2024

ಮಗಳಿಗೆ,

ಹೋದ ಗುರುವಾರ ಡಬ್ಬಿ ಬಂತು. ಒಳಗೆ ಪತ್ರ ಇರಲಿಲ್ಲ. ಈ ಗುರುವಾರವೂ ಇರಲಿಲ್ಲ. ಡಬ್ಬಿ ಮಾತ್ರ ಚೊಕ್ಕ ತೊಳೆದು ಕಳಿಸಿದ್ದೀ.

ನನ್ನ ಮೇಲೆ ಸಿಟ್ಟಾಗಿದ್ದರೆ ಸಿಟ್ಟಾಗಿದ್ದೇನೆ ಎಂದಾದರೂ ಬರೆ. ನಿನ್ನ ಅವ್ವ "ಪತ್ರದಾಗ ಅಂಥಾದ್ದೇನ ಬರದೀರಿ" ಎಂದು ಕೇಳುತ್ತಾಳೆ. ಕೇಳಿಸದವನ ಹಾಗೆ ಕೂಡುತ್ತೇನೆ. ಕಿವುಡನಿಗೆ ಅದೊಂದು ಅನುಕೂಲ.

ಇಂತಿ
ಭಾಗಪ್ಪ


ವಿಜಯಪುರ
ಭಾನುವಾರ, 29 ಸೆಪ್ಟೆಂಬರ್ 2024

ಅಪ್ಪಾ,

ಸಿಟ್ಟಲ್ಲ. ಹನ್ನೊಂದು ವರ್ಷದ ಹುಡುಗನ ಮೇಲೆ ಯಾರು ಸಿಟ್ಟಾಗುತ್ತಾರೆ? ಬರೆಯಲು ಕುಳಿತರೆ ಆ ಹುಡುಗನೇ ಕಣ್ಣೆದುರು ಓಡುತ್ತಾನೆ. ಅವನಿಗೆ ಏನು ಬರೆಯಬೇಕೋ ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಅದು ನನ್ನ ತಪ್ಪು. ನೀನು ಮೂರು ಖಾಲಿ ಡಬ್ಬಿ ಎಣಿಸುವ ಹಾಗೆ ಮಾಡಬಾರದಿತ್ತು.

ಇವತ್ತು ಸಂಜೆ ಸಮ್ಯಕ್‌ನನ್ನು ಸ್ಕೂಟಿಯ ಮೇಲೆ ಕೂಡಿಸಿಕೊಂಡು ಭೂತನಾಳ ಕೆರೆಗೆ ಹೋದೆ. ಏರಿಯ ಮೇಲೆ ನಿಲ್ಲಿಸಿ "ಒದರು" ಎಂದೆ. "ಏನಂತ?" ಎಂದ. "ಏನರೆ. ಬರ್ರಿ ಅಂತ." ಬಾಯಿ ತೆರೆದ, ದನಿ ಬರಲಿಲ್ಲ. "ನೀ ಮೊದಲ ಒದರು" ಎಂದ. ನಲವತ್ತೈದು ಮಕ್ಕಳ ಕೊನೆಯ ಬೆಂಚಿಗೆ ಕೇಳುವ ದನಿ ನನ್ನದು, ಅಪ್ಪಾ. ಆದರೂ ಅಲ್ಲಿ ನಿಂತು ಕೂಗಲಾಗಲಿಲ್ಲ. ಯಾರಾದರೂ ನೋಡಿದರೆ ಏನಂದಾರು ಎಂದು ಆಚೆ ಈಚೆ ನೋಡಿದೆ. ಏನೂ ಆಗದೆ ಇದ್ದಾಗಲೂ ಕೂಗುವುದು ಇಷ್ಟು ಕಷ್ಟ. ನಿನ್ನ ಬಾವಿಯ ಕಟ್ಟೆ ನನಗೆ ಆಗ ಸ್ವಲ್ಪ ತಿಳಿಯಿತು.

ಆಮೇಲೆ ಕಣ್ಣು ಮುಚ್ಚಿಕೊಂಡು ಕೂಗಿದೆ. ಅವನೂ ಕೂಗಿದ. ಆಚೆ ದಂಡೆಯ ಬೆಳ್ಳಕ್ಕಿ ಎಲ್ಲ ಒಮ್ಮೆಲೇ ಎದ್ದವು. ಇಬ್ಬರೂ ನಕ್ಕೆವು, ನನಗೆ ಅಳುವೂ ಬಂತು. ಆಮೇಲೆ ಸೀಟಿ ಊದಲು ಕೊಟ್ಟೆ. ನಾಳೆಯಿಂದ ಓಣಿಯವರು ನಮ್ಮನ್ನು ಮನೆ ಬಿಡಿಸುತ್ತಾರೆ, ಹಾಗೆ ಊದುತ್ತಾನೆ.

ನಾಳೆ ಮೂವತ್ತನೇ ತಾರೀಖು. ನಾಳೆಯೇ ಅಂದಿದ್ದರೂ ಇಷ್ಟು ದಿನ ರದ್ದು ಮಾಡಿಸಿರಲಿಲ್ಲ, ಇನ್ನು ಮಾಡಿಸುವುದೂ ಇಲ್ಲ. ಅಂಜಿಕೆ ಹೋಗಿದೆ ಎಂದು ತಿಳಿಯಬೇಡ, ಹಾಗೇ ಇದೆ. ನಾನು ಅಂಜಿ ಗದರಿದ್ದಕ್ಕೆ ನನ್ನ ಮಗನ ಬಾಯಿ ಕಟ್ಟಿತ್ತು. ಇನ್ನು ನನ್ನ ಅಂಜಿಕೆಯನ್ನು ಅವನ ತಲೆಗೆ ಕಟ್ಟಲಾರೆ. ಕ್ಯಾಲೆಂಡರಿನಲ್ಲಿ ಹದಿನೈದಕ್ಕೂ ಗುರುತು ಹಾಕಿದೆ.

ನಿನ್ನ ಮಗಳು
ಆಮ್ರಪಾಲಿ


ಹಡಗಿನಿಂದ
16 ಅಕ್ಟೋಬರ್ 2024, ಮಧ್ಯಾಹ್ನ

ಅಪ್ಪಾ,

ಇದನ್ನು ಕಡಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಹಡಗಿನ ತಪ್ಪಲ್ಲ, ಮುದಿತಾಳನ್ನು ಇನ್ನೂ ತೊಡೆಯಿಂದ ಇಳಿಸಿಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಅದನ್ನು ಅವ್ವನಿಗೆ ಮೊದಲು ಓದಿ ಹೇಳು.

ನಿನ್ನೆ ಹತ್ತುವಾಗ ಮಿಲಿಂದ ಮುಂದೆ, ನಾನು ಮುದಿತಾಳನ್ನು ಸೊಂಟಕ್ಕೆ ಸೀರೆಯ ಸೆರಗಿನಿಂದ ಕಟ್ಟಿಕೊಂಡು ಹಿಂದೆ. ನಿನ್ನ ಪಂಪ್ ಮನೆಯ ನೆಲದ ಹಾಗೆ ಇಲ್ಲಿಯ ನೆಲವೂ ಅದುರುತ್ತದೆ. ಜಾಕೀಟು ತೊಡಿಸಿ ಕಲಿಸಿದರು. ನಿನ್ನ ಕ್ಯಾನು ಚೀಲದಲ್ಲಿವೆ, ಮಿಲಿಂದ ತಾವೇ ತುಂಬಿದರು. ದಂಡೆ ಕಾಣದಂತಾದಾಗ ಕಿಟಕಿಗೆ ಪರದೆ ಎಳೆದು ಕುಳಿತೆ.

ಇವತ್ತು ಬೆಳಿಗ್ಗೆ ಮಿಲಿಂದ ಚಹಾ ತರಲು ಮೇಲೆ ಹೋದರು. ನಾನು ತಲೆ ತಿರುಗಿ ಮಲಗಿದ್ದೆ. ಮುದಿತಾ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ನೀರು ಬೀಳುವ ಸಪ್ಪಳ ಕೇಳಿತು. ಕರೆದೆ, ಉತ್ತರವಿಲ್ಲ. ಇಲ್ಲಿಯ ಬಚ್ಚಲಿನ ಹೊಸ್ತಿಲು ಒಂದು ಗೇಣು ಎತ್ತರ, ನೀರು ಹೊರಗೆ ಬರುವುದಿಲ್ಲ, ಒಳಗೇ ನಿಲ್ಲುತ್ತದೆ. ಬಾಗಿಲು ನೂಕಿದೆ, ಬಡಿದೆ. ಗೋಡೆಯ ಮೇಲೆ ಫೋನು ಇತ್ತು, ಅದು ನೆನಪಾಗಲಿಲ್ಲ. ಒಳಗೆ ಆಕೆ ಅಳುತ್ತಲೂ ಇರಲಿಲ್ಲ. ನಾನು ಕೂಗಬೇಕೆಂದು ಬಾಯಿ ತೆರೆದೆ. ಭೂತನಾಳದಲ್ಲಿ ಕೂಗಿದವಳು, ಅಪ್ಪಾ, ಇಲ್ಲಿ ಒಂದು ದನಿ ಬರಲಿಲ್ಲ.

ಆಗ ನನ್ನ ಬೆನ್ನ ಹಿಂದೆ ಸೀಟಿ ಕೇಳಿತು. ಸಮ್ಯಕ್ ಕೋಣೆಯ ಬಾಗಿಲು ತೆರೆದು ಹೊರಗಿನ ಉದ್ದದ ಓಣಿಯಲ್ಲಿ ನಿಂತು ಊದುತ್ತಿದ್ದ. ಕಣ್ಣು ಮುಚ್ಚಿಕೊಂಡಿದ್ದ, ಕುತ್ತಿಗೆಯ ನರ ಎದ್ದಿದ್ದವು, ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸುತ್ತಿದ್ದ. ಎರಡೂ ಕಡೆ ಬಾಗಿಲು ತೆರೆದವು. ಯಾರೋ ಗುಜರಾತಿ ಅಜ್ಜಿ ಹಲ್ಲುಜ್ಜುತ್ತಲೇ ಬಂದರು. ಒಬ್ಬ ಒಂದೇ ಚಪ್ಪಲಿಯಲ್ಲಿ ಬಂದ. ಕೋಣೆ ಗುಡಿಸುವ ರತ್ನಾಗಿರಿಯ ಹುಡುಗಿ ಓಡಿ ಬಂದು, ಚಿಲಕದ ನಡುವಿನ ತೂತಿಗೆ ತನ್ನ ಕೊರಳ ಕೀಲಿ ಹಾಕಿ ಹೊರಗಿನಿಂದಲೇ ತಿರುಗಿಸಿದಳು. ಮುದಿತಾ ಮೊಣಕಾಲ ಕೆಳಗಿನ ತನಕ ನೀರಿನಲ್ಲಿ ನಿಂತಿದ್ದಳು, ಟವೆಲ್ಲು ನೀರು ಹೋಗುವ ತೂತಿನ ಮೇಲೆ ಬಿದ್ದಿತ್ತು. ತುಟಿ ಬಿಳಿಚಿತ್ತು. ಎತ್ತಿಕೊಂಡ ಮೇಲೆ ಅತ್ತಳು. ಆ ಅಳು ಕೇಳಿ ನಾನು ನೆಲದ ಮೇಲೇ ಕುಳಿತೆ.

ಎಲ್ಲರೂ ಹೋದ ಮೇಲೆ ಸಮ್ಯಕ್ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೇಳಿದ, "ಅವ್ವಾ, ಚಿಲಕಾ ಹಾಕೂದ ನಾನ ಆಕಿಗಿ ಕಲಿಸೀನಿ. ನೀ ಬೈತಿಯೇನು?"

ನಾನು ಬೈಯಲಿಲ್ಲ, ಅಪ್ಪಾ. ಅವನು ತಪ್ಪು ಮಾಡಿಯೇ ಊದಿದ. ನೀನು ಹೇಳಿದ ಹಾಗೆ, ಮೊದಲು ಊದಿದ.

ನಿನ್ನ
ಆಮ್ರಪಾಲಿ


ಬಬಲೇಶ್ವರ
3 ನವೆಂಬರ್ 2024

ಆಮ್ರಾ,

ದೀಪಾವಳಿಗೆ ನೀವು ಬಿಟ್ಟು ಹೋದ ಮಕ್ಕಳಿಬ್ಬರೂ ಚೆನ್ನಾಗಿದ್ದಾರೆ. ಮುದಿತಾ ನಿನ್ನ ಅವ್ವನ ರೊಟ್ಟಿ ಹಂಚಿನ ಹತ್ತಿರ ಬಿಟ್ಟರೆ ಬೇರೆ ಎಲ್ಲಿಯೂ ಏರಿಲ್ಲ. ನಾಳೆ ಶಕೀಲನ ಜೀಪಿನಲ್ಲಿ ನಾನೇ ಕರೆತರುತ್ತೇನೆ. ಆದರೂ ಇದನ್ನು ಬರೆದೇ ಕೊಡಬೇಕು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಬಾವಿಯ ಮಾತನ್ನು ನಿನ್ನ ಅವ್ವನಿಗೂ ಪೂರ್ತಿ ಹೇಳಿದೆ. ಆಕೆ ಹಂಚಿನ ಮೇಲಿನ ರೊಟ್ಟಿ ಕೆಳಗಿಳಿಸಿ "ನಲವತ್ತೇಳ ವರ್ಷ ಒಬ್ಬಾವನ ಇದನ್ನ ಹೊತಗೊಂಡ ತಿರಗಿದೇನ?" ಎಂದಳು. ಮದುವೆಯಾದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ಸಮ್ಯಕ್ ನನ್ನ ಜೊತೆ ಓಣಿಯ ತುದಿಗೆ ಬಂದಿದ್ದ. "ಮುತ್ಯಾ, ಹಡಗದಾಗ ಹೆಂಗ ಊದೀನಿ ತೋರಸ್ಲಿ?" ಎಂದು ಕೈಸನ್ನೆಯಿಂದ ಕೇಳಿದ. ಹೂಂ ಎಂದೆ. ಊದಿದ. ನನಗೆ ಕೇಳಲಿಲ್ಲ, ಮಾತಾದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ, ಸೀಟಿಯ ಚೂಪು ದನಿ ನನ್ನ ಕಿವಿಗೆ ಬೀಳುವುದೇ ಇಲ್ಲ. ಅವನ ಕೆನ್ನೆ ಉಬ್ಬಿದ್ದು, ಕುತ್ತಿಗೆಯ ನರ ಎದ್ದದ್ದು ಮಾತ್ರ ಕಂಡಿತು. ಇಷ್ಟೇ ಏನು ಎಂದು ನಾನು ನಿಂತಿದ್ದೆ.

ಅಷ್ಟರಲ್ಲಿ ಬಾಗಿಲು ತೆರೆದವು. ಮೊದಲು ಪಕ್ಕದ ಮನೆಯ ಜುಲೇಖಾ ಬಂದಳು, ಆಮೇಲೆ ಎದುರು ಮನೆಯವರು, ಆಮೇಲೆ ಇಡೀ ಓಣಿ. ಎಲ್ಲರ ಕೈಯಲ್ಲಿಯೂ ಕೊಡ. ನೀರು ಬಂತು ಎಂದು ತಿಳಿದಿದ್ದರು. ಮೊಬೈಲು ಬಂದು ಇಷ್ಟು ವರ್ಷವಾದರೂ ಸೀಟಿಯನ್ನು ಯಾರೂ ಮರೆತಿಲ್ಲ. ಆ ಬಾವಿಯ ಹೊಲದವರ ಮನೆ ಈಗ ಇದೇ ಓಣಿಯ ಕೊನೆಗೆ ಇದೆ. ಆ ಮನೆಯ ಸೊಸೆಯೂ ಎರಡು ಕೊಡ ಹಿಡಿದು, ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ನನ್ನ ಮುಖ ನೋಡಿ, ಕಿವುಡನಿಗೆ ತಿಳಿಯಲಿ ಎಂದು ದೊಡ್ಡದಾಗಿ ಬಾಯಿ ತೆರೆದು ಕೇಳಿದಳು.

"ಏನಾತ್ರಿ ಕಾಕಾ?"

ಸಮ್ಯಕ್ ಅಂಜಿ ನನ್ನ ಧೋತರ ಹಿಡಿದುಕೊಂಡ. ಸುಮ್ಮನೆ ಊದಿದ್ದಕ್ಕೆ ಬೈಯುತ್ತೇನೆ ಎಂದು ತಿಳಿದಿದ್ದ. ಅವನ ತಲೆಯ ಮೇಲೆ ಕೈ ಇಟ್ಟೆ. ನನಗೆ ಆ ಜನರೆಲ್ಲ ಸರಿಯಾಗಿ ಕಾಣುತ್ತಿರಲಿಲ್ಲ, ಕಣ್ಣು ತುಂಬಿದ್ದವು.

ಆ ಓಣಿಗೆ ಇವತ್ತು ನೀರಿನ ಸರದಿ ಇರಲಿಲ್ಲ. ಆದರೂ ಹೋಗಿ ವಾಲ್ ತಿರುಗಿಸಿದೆ. ಕರೆದ ಕೂಡಲೇ ಬಂದವರನ್ನು ಖಾಲಿ ಕೊಡ ಹಿಡಿದು ಹೇಗೆ ಕಳಿಸಲಿ?

ನಿನ್ನ ಅಪ್ಪ
ಭಾಗಪ್ಪ